ಶಾಲೆಯೊಳಗೆ ಬಂದ ಕಪೊಯೆರಾ, ಗೇಟಿನಾಚೆ ಉಳಿದ ಗುರು

ಬ್ರೆಜಿಲ್‌ನ ಶಾಲೆಗಳಲ್ಲಿ ಕಾಳಗ, ಕುಣಿತ, ಸಂಗೀತ ಬೆರೆತ ಕಪೊಯೆರಾ ಎಂಬ ವಿದ್ಯೆಯನ್ನು ಕಲಿಸಬೇಕೇ ಎಂಬ ಪ್ರಶ್ನೆ ಈಗ ಬಹುಮಟ್ಟಿಗೆ ಇತ್ಯರ್ಥವಾಗಿದೆ. ಆದರೆ ಅದನ್ನು ಯಾರು ಕಲಿಸಬೇಕು, ಅದರಲ್ಲಿ ಯಾವುದನ್ನು ಕಲಿಸಬೇಕು ಎಂಬುದು ಮಾತ್ರ ಕಗ್ಗಂಟಾಗಿಯೇ ಉಳಿದಿದೆ. ಒಂದು ನಿಯಮದ ಕಣ್ಣಿಗೆ ಇದು ಕ್ರೀಡೆ, ಇನ್ನೊಂದರ ಕಣ್ಣಿಗೆ ಪರಂಪರೆ, ಪಠ್ಯಕ್ರಮದ ಕಣ್ಣಿಗೆ ಕಾಳಗ.

ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರ ನಡುವೆ ಬೆಳೆದ ವಿದ್ಯೆಯಿದು. 1888ರಲ್ಲಿ ಗುಲಾಮಗಿರಿ ರದ್ದಾಯಿತು. ಎರಡೇ ವರ್ಷಕ್ಕೆ, 1890ರ ದಂಡಸಂಹಿತೆ ಬೀದಿಯಲ್ಲಿ ಕಪೊಯೆರಾ ಆಡಿದವರಿಗೆ ಎರಡರಿಂದ ಆರು ತಿಂಗಳ ಸೆರೆವಾಸ ವಿಧಿಸಿತು. ಆ ಸಂಹಿತೆ ಇನ್ನೂ ಜಾರಿಯಲ್ಲಿದ್ದಾಗಲೇ, 1937ರಲ್ಲಿ, ಸಾಲ್ವಡಾರ್ ನಗರದ ಮೆಸ್ಟ್ರೆ ಬಿಂಬಾ ಅವರ ಕಲಿಕಾಮಂದಿರಕ್ಕೆ ಬಾಯಿಯಾ ರಾಜ್ಯದ ಶಿಕ್ಷಣ ಇಲಾಖೆ ಮಾನ್ಯತೆ ಕೊಟ್ಟಿತು. ಮೆಸ್ಟ್ರೆ ಎಂದರೆ ಗುರು. ಹೊಸ ಶಿಷ್ಯನ ಎರಡೂ ಕೈ ಹಿಡಿದು, ಅವನೊಂದಿಗೆ ತಾನೂ ತೂಗಾಡುತ್ತ, ಬಿಂಬಾ ‘ಜಿಂಗಾ’ ಎಂಬ ಮೂಲ ಹೆಜ್ಜೆಯನ್ನು ಕಲಿಸುತ್ತಿದ್ದರು. ಪಟ್ಟುಗಳನ್ನು ಪಾಠಗಳಂತೆ ಕ್ರಮವಾಗಿ ಜೋಡಿಸಿದರು. ಅಟಾಬಾಕೆ ಎಂಬ ದೊಡ್ಡ ಡೋಲನ್ನು ಕೈಬಿಟ್ಟು ಬೆರಿಂಬಾವ್ ಎಂಬ ಒಂದು ತಂತಿವಾದ್ಯ, ಖಂಜಿರದಂಥ ಎರಡು ಪಂದೇರೊಗಳಿಗೆ ಮೇಳವನ್ನು ಇಳಿಸಿದರು. ಹಾಗೆ ಇಳಿಸಿದರೂ ತಾಳವನ್ನು ಅವರು ಬಿಡಲಿಲ್ಲ. ಅದೇ ಊರಿನ ಮೆಸ್ಟ್ರೆ ಪಾಸ್ಟೀನ್ಯಾ 1941ರಲ್ಲಿ ಹಳೆಯ ಅಂಗೋಲಾ ಶೈಲಿಗಾಗಿ ಬೇರೆಯೇ ಕೇಂದ್ರ ತೆರೆದರು. 1972ರಲ್ಲಿ ಕೇಂದ್ರ ಸರ್ಕಾರ ಕಪೊಯೆರಾವನ್ನು ಕ್ರೀಡೆಯೆಂದು ಒಪ್ಪಿಕೊಂಡು, ಬಾಕ್ಸಿಂಗ್ ಒಕ್ಕೂಟದ ಅಡಿಗೆ ಸೇರಿಸಿತು.

ಬೆರಿಂಬಾವ್ ಏನೆಂದು ತಿಳಿಯದೆ ಮುಂದಿನ ತಕರಾರು ಅರ್ಥವಾಗದು. ಅದೊಂದು ಬಿಲ್ಲು. ಹೆದೆಯ ಜಾಗದಲ್ಲಿ ಉಕ್ಕಿನ ತಂತಿ, ಸಾಮಾನ್ಯವಾಗಿ ಹಳೆಯ ಟೈರಿನಿಂದ ಕಿತ್ತದ್ದು. ಕೆಳಗೆ ಒಣಗಿದ ಬುರುಡೆ. ತಂಬೂರಿಯ ಬುರುಡೆ ಕಂಡವರಿಗೆ ಅದರ ಕೆಲಸ ಹೇಳಬೇಕಾಗಿಲ್ಲ. ಬಿಲ್ಲಿನ ಭಾರವೆಲ್ಲ ಒಂದು ಕಿರುಬೆರಳಿನ ಮೇಲೆ ಬೀಳುವುದರಿಂದ ಹೊಸಬರ ಬೆರಳು ಕೆಲವೇ ನಿಮಿಷಗಳಲ್ಲಿ ಸೋಲುತ್ತದೆ. ವೃತ್ತವಾಗಿ ನಿಂತವರ ನಡುವೆ ಆಡುವ ಇಬ್ಬರೂ ಮೊದಲು ಈ ವಾದ್ಯದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಆಟ ನಿಧಾನವೋ ಬಿರುಸೋ ಎಂಬುದನ್ನು ಅದೇ ನಿರ್ಧರಿಸುತ್ತದೆ. ಆಟ ಕೈಮೀರಿದರೆ ಇಬ್ಬರನ್ನೂ ಮತ್ತೆ ಬುಡಕ್ಕೆ ಕರೆಯುವುದೂ ಅದೇ. ಅಂದರೆ ಇಲ್ಲಿ ಸಂಗೀತವೇ ತೀರ್ಪುಗಾರ.

1998ರ ಕಾಯ್ದೆ ದೈಹಿಕ ಶಿಕ್ಷಣವನ್ನು ನೋಂದಾಯಿತ ವೃತ್ತಿಯನ್ನಾಗಿಸಿತು. ಮಕ್ಕಳ ಮೈಗೆ ತರಬೇತಿ ಕೊಡುವವರಿಗೆ ಶರೀರಶಾಸ್ತ್ರ ಗೊತ್ತಿರಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಅದರಡಿ ರಚನೆಯಾದ ಮಂಡಳಿ 2002ರಲ್ಲಿ ತನ್ನ ವ್ಯಾಪ್ತಿಯನ್ನು ಪಟ್ಟಿ ಮಾಡಿದಾಗ ನೃತ್ಯ, ಕಪೊಯೆರಾಗಳ ಜೊತೆಗೆ ನಮ್ಮ ಯೋಗವೂ ಆ ಪಟ್ಟಿ ಸೇರಿತ್ತು. ಬಿಂಬಾ ಬದುಕಿದ್ದರೆ ಅವರೂ ನೋಂದಣಿಗಾಗಿ ಅರ್ಜಿ ಹಿಡಿದು ನಿಲ್ಲಬೇಕಾಗುತ್ತಿತ್ತೇನೋ. ಇಂಥ ವಿದ್ಯೆಗಳ ಗುರುಗಳಿಗೆ ನೋಂದಣಿ ಕಡ್ಡಾಯವಲ್ಲವೆಂದು ನ್ಯಾಯಾಲಯಗಳು ಹೇಳುವ ಹೊತ್ತಿಗೆ ವರ್ಷಗಳೇ ಉರುಳಿದ್ದವು.

ಇತ್ತ 2003ರ ಇನ್ನೊಂದು ಕಾಯ್ದೆ ಆಫ್ರೋ-ಬ್ರೆಜಿಲಿಯನ್ ಚರಿತ್ರೆ ಮತ್ತು ಸಂಸ್ಕೃತಿಯ ಪಾಠವನ್ನು ಕಡ್ಡಾಯ ಮಾಡಿತು. ಇಡೀ ಪಠ್ಯಕ್ರಮಕ್ಕೆ ಅದು ಅನ್ವಯವಾಗುತ್ತದಾದರೂ ವಿಶೇಷವಾಗಿ ಹೆಸರಿಸಿದ್ದು ಕಲೆ, ಸಾಹಿತ್ಯ, ಇತಿಹಾಸಗಳನ್ನು, ದೈಹಿಕ ಶಿಕ್ಷಣವನ್ನಲ್ಲ. 2017ರ ರಾಷ್ಟ್ರೀಯ ಪಠ್ಯಕ್ರಮವು ದೈಹಿಕ ಶಿಕ್ಷಣವನ್ನು ಆರು ಘಟಕಗಳಾಗಿ ವಿಂಗಡಿಸಿ, ನೃತ್ಯಕ್ಕೊಂದು, ಕಾಳಗಕ್ಕೊಂದು ಎಂದು ಬೇರೆ ಬೇರೆ ಇಟ್ಟು, ಕಪೊಯೆರಾವನ್ನು ಕಾಳಗದ ಕೆಳಗೆ ಬರೆಯಿತು. ಸಂಗೀತ ಕಲಾವಿಭಾಗದ ಪಾಲಾಯಿತು. ಹೀಗಾಗಿ ಒದೆತ ಒಂದು ಪೀರಿಯಡ್, ಹಾಡು ಇನ್ನೊಂದು ಪೀರಿಯಡ್, ಗುಲಾಮಗಿರಿಯ ಕಥೆ ಮತ್ತೊಂದು ಪೀರಿಯಡ್.

2014ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬರಿಯ ಒದೆತವನ್ನಲ್ಲ, ಆ ವೃತ್ತವನ್ನು. ಅದಕ್ಕೂ ಮೊದಲೇ, 2010ರ ಜನಾಂಗೀಯ ಸಮಾನತೆಯ ಕಾಯ್ದೆ ಮನ್ನಣೆ ಪಡೆದ ಸಾಂಪ್ರದಾಯಿಕ ಗುರುಗಳು ಸರ್ಕಾರಿ, ಖಾಸಗಿ ಶಾಲೆಗಳಲ್ಲಿ ಕಪೊಯೆರಾ ಕಲಿಸಬಹುದೆಂದು ಅನುಮತಿಸಿತ್ತು. ಕಲಿಸಬಹುದು ಎಂದಿತೇ ಹೊರತು ಹುದ್ದೆ, ಸಂಬಳಗಳನ್ನು ಗೊತ್ತುಮಾಡಲಿಲ್ಲ. 2007ರಲ್ಲಿ ಆರಂಭವಾಗಿದ್ದ ಪೂರ್ಣದಿನ ಶಾಲಾ ಯೋಜನೆಯಲ್ಲಿ ಕಪೊಯೆರಾಕ್ಕೂ ಜಾಗವಿತ್ತು. ಆದರೆ ಅಲ್ಲಿ ಹೊರಗಿನಿಂದ ಬಂದು ಕಲಿಸುವವರ ಹೆಸರು ಸ್ವಯಂಸೇವಕರ ಪಟ್ಟಿಯಲ್ಲಿರುತ್ತಿತ್ತು, ಅವರಿಗೆ ಸಂದಾಯವಾಗುತ್ತಿದ್ದುದು ಓಡಾಟದ ಮತ್ತು ಊಟದ ಖರ್ಚು.