ಗುಡ್ಡಕ್ಕೆ ಬೆಂಕಿ ಬಿದ್ದಾಗ ಬೈಗುಳ ಯಾರಿಗೆ, ಬೆಂಕಿ ಗೆರೆ ಯಾರದು?

ಫೆಬ್ರುವರಿ ಮುಗಿಯುವ ಹೊತ್ತಿಗೆ ಚಿಕ್ಕಮಗಳೂರಿನಲ್ಲಿ ರಾತ್ರಿ ಊಟ ಮುಗಿಸಿ ತಾರಸಿ ಹತ್ತಿದವರಿಗೆ ಗಿರಿಸಾಲಿನ ಮೇಲೆ ಕೆಂಪು ಗೆರೆಯೊಂದು ಹರಿದಾಡುವುದು ಕಾಣುತ್ತದೆ. ಮುಳ್ಳಯ್ಯನಗಿರಿ, ಕವಿಕಲ್‌ಗಂಡಿ, ಬಾಬಾಬುಡನ್‌ಗಿರಿ ಹೀಗೆ ವರ್ಷಕ್ಕೊಂದು ಕಡೆ, ಕೆಲವು ವರ್ಷ ಎಲ್ಲ ಕಡೆ. ಐದು ನಿಮಿಷದಲ್ಲಿ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋಗಿರುತ್ತದೆ, ಹತ್ತು ನಿಮಿಷಕ್ಕೆ ತೀರ್ಪೂ ಬಂದಿರುತ್ತದೆ. ತೀರ್ಪು ಮೂರೇ ಬಗೆ: ದನ ಕಾಯೋರು ಹಚ್ಚಿದ್ದು, ಟೂರಿಸ್ಟ್‌ಗಳು ಸಿಗರೇಟ್ ಎಸೆದಿದ್ದು, ಇಲ್ಲವೇ ಅರಣ್ಯ ಇಲಾಖೆಯವರೇ ಇಟ್ಟಿದ್ದು.

ಮೂರರಲ್ಲೂ ಒಂದಿಷ್ಟು ನಿಜವಿದೆ. ನಮ್ಮ ಕಾಡುಗಳಿಗೆ ತಾನಾಗಿಯೇ ಬೆಂಕಿ ಹತ್ತುವುದು ತೀರಾ ಅಪರೂಪ. ಬಿದಿರಿಗೆ ಬಿದಿರು ತಿಕ್ಕಿ ಕಿಡಿ ಹಾರುತ್ತದೆ ಎಂಬ ಮಾತನ್ನು ಶಾಲೆಯಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಗಿರಿಯ ಹುಲ್ಲುಗಾವಲಲ್ಲಿ ತಿಕ್ಕಾಡಲು ಬಿದಿರಾದರೂ ಎಲ್ಲಿದೆ? ಹಚ್ಚಿದವರು ಮನುಷ್ಯರೇ. ಮಳೆಗೆ ಮುಂಚೆ ಎಳೆ ಹುಲ್ಲು ಚಿಗುರಲಿ ಎಂದು ಹಚ್ಚಿದವರಿದ್ದಾರೆ, ಬೇಟೆಗೆ ಹಚ್ಚಿದವರಿದ್ದಾರೆ, ಜೇನು ಬಿಡಿಸಿ ದೊಂದಿಯನ್ನು ಅಲ್ಲೇ ಬಿಟ್ಟು ಬಂದವರಿದ್ದಾರೆ, ಒತ್ತುವರಿ ತೆರವಿನ ಸಿಟ್ಟಿಗೆ ಕಡ್ಡಿ ಗೀರಿದವರೂ ಇದ್ದಾರೆ. ಇಲಾಖೆಯ ಮೇಲಿನ ಗುಮಾನಿಗೂ ಒಂದು ಮೂಲವಿದೆ. ಡಿಸೆಂಬರ್, ಜನವರಿಯಲ್ಲಿ ಗಾರ್ಡು, ವಾಚರ್‌ಗಳು ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲಿಲ್ಲದ ಪಟ್ಟಿ, ಮಾಡಲು ರಸ್ತೆ ಬದಿಯ ಹುಲ್ಲನ್ನು ತಾವೇ ಸುಡುತ್ತಾರೆ. ಅದನ್ನು ಕಂಡವರು ಮಾರ್ಚಿನಲ್ಲಿ ಗುಡ್ಡ ಉರಿದಾಗ ಎರಡನ್ನೂ ಗಂಟು ಹಾಕುತ್ತಾರೆ.

ಈ ಗದ್ದಲದಲ್ಲಿ ಒಂದು ಪ್ರಶ್ನೆ ಮಾತ್ರ ಬರುವುದೇ ಇಲ್ಲ: ಬೆಂಕಿ ಇಳಿದು ಬಂದರೆ ನಮ್ಮ ಮನೆ, ಕೊಟ್ಟಿಗೆ, ತೋಟ ಉಳಿಯುವ ಹಾಗೆ ನಾವೇನು ಮಾಡಿಟ್ಟಿದ್ದೇವೆ? ಹಿಂದೆ ಮಲೆನಾಡಿನಲ್ಲಿ ಇದನ್ನು ಯಾರೂ ಕೇಳಬೇಕಾಗಿರಲಿಲ್ಲ, ಏಕೆಂದರೆ ಅದು ಸುಗ್ಗಿಯ ಕೆಲಸದಲ್ಲೇ ಸೇರಿತ್ತು.

ಆಗಿನ ಮನೆಗಳಿಗೆ ಹುಲ್ಲಿನ ಇಲ್ಲವೇ ಅಡಿಕೆ ಸೋಗೆಯ ಹೊದಿಕೆ. ಒಂದು ಕಿಡಿ ಬಿದ್ದರೆ ಕೇರಿಗೆ ಕೇರಿಯೇ ಹೋಗುತ್ತಿತ್ತು. ಹಾಗಾಗಿ ಗದ್ದೆ ಕೊಯ್ಲು ಮುಗಿದು ಬಣವೆ ಒಟ್ಟುವಾಗಲೇ ಅದನ್ನು ಮನೆಯಿಂದ ದೂರ, ಕಣದ ಆಚೆ ತುದಿಗೆ ಒಟ್ಟುತ್ತಿದ್ದರು. ಅಂಗಳ ಸಗಣಿ ಸಾರಿಸಿ ಬೋಳಾಗಿರುತ್ತಿತ್ತು. ಹಿತ್ತಲಿನ ದರಗು (ಉದುರಿದ ಒಣ ಎಲೆ) ಕೊಟ್ಟಿಗೆಗೆ ಹೋಗಿ, ಅಲ್ಲಿಂದ ಗೊಬ್ಬರದ ಗುಂಡಿ ಸೇರುತ್ತಿತ್ತು. ಇದೆಲ್ಲ ಬೆಂಕಿಗೆಂದೇ ಮಾಡಿದ್ದಲ್ಲ, ಬೇಸಾಯಕ್ಕೆ ಮಾಡಿದ್ದು. ಆದರೂ ಮನೆಯ ಸುತ್ತ ಉರಿಯುವಂಥದ್ದು ಏನೂ ಉಳಿಯುತ್ತಿರಲಿಲ್ಲ.

ಬ್ಯಾಣದ (ದನ ಮೇಯುವ ಹುಲ್ಲುಗುಡ್ಡದ) ಅಂಚಿಗೆ ಬೆಂಕಿ ಗೆರೆ ತೆಗೆಯುವುದು ಮಾತ್ರ ಬೆಂಕಿಗೆಂದೇ ಮಾಡುತ್ತಿದ್ದ ಕೆಲಸ. ಈಗಲೂ ಮೂಡಿಗೆರೆ, ಸಕಲೇಶಪುರ ಕಡೆಯ ಹಳೆಯ ಮನೆತನಗಳಲ್ಲಿ ಇದನ್ನು ಬಲ್ಲವರು ಸಿಗುತ್ತಾರೆ. ಮೊದಲು ಕತ್ತಿಯಿಂದ ಎರಡು ಸಮಾನಾಂತರ ಪಟ್ಟಿ ಸವರುವುದು, ನಡುವೆ ಹತ್ತು ಹನ್ನೆರಡು ಮಾರು ಅಗಲ ಹುಲ್ಲನ್ನು ಹಾಗೇ ಬಿಡುವುದು. ಸವರಿದ್ದು ಒಣಗಿದ ಮೇಲೆ, ಗಾಳಿ ಬಿದ್ದ ಸಂಜೆ ನೋಡಿ, ಇಬ್ಬನಿ ಇಳಿಯುವ ಮುಂಚೆ ನಡುವಿನ ಹುಲ್ಲಿಗೆ ಬೆಂಕಿ ಕೊಡುವುದು. ಅದೂ ಮೇಲಿನಿಂದ ಕೆಳಕ್ಕೆ, ಗಾಳಿಗೆ ಎದುರಾಗಿ. ಹಾಗೆ ಹಚ್ಚಿದ ಬೆಂಕಿ ಮೊಣಕಾಲೆತ್ತರ ದಾಟದೆ ನಿಧಾನಕ್ಕೆ ತೆವಳುತ್ತದೆ. ಎರಡೂ ಕಡೆ ಹಸಿ ಸೊಪ್ಪಿನ ಕೊಂಬೆ, ಒದ್ದೆ ಗೋಣಿ ಹಿಡಿದ ಜನ. ಕಿಡಿ ಆಚೆ ದಾಟಿದರೆ ಬಡಿದು ಆರಿಸುವಾಗ ಕೊಂಬೆಯನ್ನು ಎತ್ತಿ ಹೊಡೆಯಬಾರದು, ಕಿಡಿ ಹಾರುತ್ತದೆ, ಒತ್ತಿ ಉಜ್ಜಬೇಕು. ಕತ್ತಲಾಗುವ ಹೊತ್ತಿಗೆ ಕಪ್ಪು ಪಟ್ಟಿಯೊಂದು ಊರನ್ನು ಸುತ್ತಿರುತ್ತಿತ್ತು. ಫೆಬ್ರುವರಿಯಲ್ಲಿ ಮೂಡಗಾಳಿ ಎದ್ದು ಬೆಂಕಿ ಬಂದರೂ ಅಲ್ಲಿಗೆ ಬಂದು ಹಸಿದು ಸಾಯಬೇಕು.

ಹುಲ್ಲು ಹೊದಿಕೆಯ ಭಯವನ್ನು ಕಡಿಮೆ ಮಾಡಿದ್ದು ಕರಾವಳಿಯಿಂದ ಗಾಡಿ ಮೇಲೆ ಘಾಟಿ ಹತ್ತಿ ಬಂದ ಹೆಂಚು. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೊದಲು ಸಾಹುಕಾರರ ಮನೆ, ಸರ್ಕಾರಿ ಕಟ್ಟಡ. ತಲೆಮಾರುಗಳ ಮೇಲೆ ಉಳಿದವರಿಗೆ. ಹೆಂಚು ಬಂದ ಮೇಲೆ ಮನೆ ಬೆಂಕಿಗೆ ಜಗ್ಗುವುದಿಲ್ಲ ಎಂಬ ಧೈರ್ಯ ಬಂತು. ಆ ಧೈರ್ಯ ಅರ್ಧ ಮಾತ್ರ ಸರಿ.

ಹೆಚ್ಚುಕಮ್ಮಿ ಅದೇ ಕಾಲಕ್ಕೆ ಬೆಂಕಿಯ ಯಜಮಾನಿಕೆಯೂ ಕೈ ಬದಲಾಯಿಸಿತು. 1847ರಲ್ಲಿ ಶಿವಮೊಗ್ಗದ ಕಡೆ ಓಡಾಡಿದ ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯ, ಕಾಡು ಕಡಿದು ಸುಟ್ಟು ರಾಗಿ ಬೆಳೆಯುವ ಕುಮರಿ ಬೇಸಾಯದ ವಿರುದ್ಧ ಬರೆದ. ಆತನೇ ಮುಂದೆ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾದ. 1864ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿತು. ಅದೇ ಹೊತ್ತಿಗೆ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಬೆಂಕಿಯನ್ನು ಪೂರ್ತಿ ಹೊರಗಿಡುವ ಪ್ರಯೋಗ ಶುರುವಾಯಿತು. ಮರದ ವ್ಯಾಪಾರದ ಕಣ್ಣಿಗೆ ಬೆಂಕಿ ಎಂದರೆ ನಷ್ಟ, ಹಚ್ಚಿದವನು ಅಪರಾಧಿ. 1900ರ ಮೈಸೂರು ಅರಣ್ಯ ರೆಗ್ಯುಲೇಷನ್‌ನಿಂದ ಹಿಡಿದು 1963ರ ಕರ್ನಾಟಕ ಅರಣ್ಯ ಕಾಯ್ದೆಯವರೆಗೆ ಈ ದೃಷ್ಟಿ ಅಷ್ಟೇನೂ ಬದಲಾಗಿಲ್ಲ. ತಮಾಷೆ ಎಂದರೆ, ಬರ್ಮಾದ ತೇಗದ ಕಾಡುಗಳಲ್ಲಿ ಬೆಂಕಿ ತಡೆದು ತಡೆದು ತೇಗದ ಸಸಿಯೇ ಏಳದಂತಾದಾಗ, ಬ್ರಿಟಿಷ್ ಅರಣ್ಯಾಧಿಕಾರಿಗಳು ತಮ್ಮತಮ್ಮಲ್ಲೇ ಜಗಳವಾಡಿ ಅಲ್ಲಿ ಬೆಂಕಿಯನ್ನು ವಾಪಸು ಕರೆದರು.

1927ರ ಭಾರತೀಯ ಅರಣ್ಯ ಕಾಯ್ದೆಯ ಎರಡು ಕಲಂಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಊರವರ ಮೌನ ಅರ್ಥವಾಗುತ್ತದೆ. 79ನೇ ಕಲಂ ಪ್ರಕಾರ, ಕಾಡಿನಲ್ಲಿ ಮೇವು, ಸೌದೆಯ ಹಕ್ಕಿರುವವರು ಬೆಂಕಿಯ ಸುದ್ದಿ ಮುಟ್ಟಿಸಬೇಕು, ಆರಿಸಲೂ ಬರಬೇಕು. 26ನೇ ಕಲಂ ಪ್ರಕಾರ, ಮೀಸಲು ಕಾಡಿಗೆ ಯಾರಾದರೂ ಬೇಕೆಂದೇ ಬೆಂಕಿ ಇಟ್ಟಿದ್ದರೆ ಅಲ್ಲಿ ಮೇಯಿಸುವ ಹಕ್ಕನ್ನೆಲ್ಲ ಸರ್ಕಾರ ಅಮಾನತು ಮಾಡಬಹುದು. ಒಬ್ಬನ ತಪ್ಪಿಗೆ ಊರಿನ ದನಗಳಿಗೆಲ್ಲ ಶಿಕ್ಷೆ. ಹೀಗಿದ್ದ ಮೇಲೆ ಹೊಗೆ ಕಂಡವನು ಮೊದಲು ಏನು ಮಾಡುತ್ತಾನೆ? ತಾನು ಆ ಕಡೆ ಹೋಗಿಯೇ ಇರಲಿಲ್ಲ ಎನ್ನುತ್ತಾನೆ. "ನಮಗ್ಯಾಕೆ ಉಸಾಬರಿ, ಗಾರ್ಡು ನೋಡ್ಕೋತಾನೆ" ಎಂಬ ಮಾತು ಸೋಮಾರಿತನದಿಂದ ಹುಟ್ಟಿದ್ದು ಎಂದು ನನಗೆ ಅನಿಸುವುದಿಲ್ಲ.

ಗುಡ್ಡದ ಸ್ವರೂಪವೂ ಬದಲಾಯಿತು. ಕಾಫಿ ತೋಟ ಎಬ್ಬಿಸಿದ್ದೇ ಕಾಡು ಕಡಿದು, ಕಸ ಸುಟ್ಟು. ಗಿಡ ನೆಟ್ಟ ಮರುದಿನದಿಂದ ಬೆಂಕಿ ವೈರಿ. ತೋಟದೊಳಗೆ ತೇವ ಉಳಿಯಲೆಂದು ಬಿಡುವ ದರಗು ಬೇಸಿಗೆಯಲ್ಲಿ ಒಳ್ಳೆಯ ಉರುವಲು. ಬೇಲಿಯಾಚೆ ಲಂಟಾನ ಎಂಬ ಕಳೆಪೊದೆ ಹಬ್ಬಿತು. ಒಣಗಿದಾಗ ನೆಲದ ಬೆಂಕಿಯನ್ನು ಮರದ ತಲೆಗೆ ಹತ್ತಿಸುವುದೇ ಅದು. ಅರಣ್ಯ ಇಲಾಖೆ ಬಯಲು ಗುಡ್ಡಗಳಿಗೆಲ್ಲ ಅಕೇಶಿಯ ನೆಟ್ಟಿತು, ಅದರ ಎಲೆ ಬೇಗ ಕೊಳೆಯುವುದಿಲ್ಲ. ಮನೆಗೆ ಹತ್ತು ದನವಿದ್ದಲ್ಲಿ ಈಗ ಒಂದು ಜೆರ್ಸಿ. ಬ್ಯಾಣದ ಹುಲ್ಲನ್ನು ಮೇಯುವವರೂ ಇಲ್ಲ, ಕೊಯ್ಯುವವರೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ವರ್ಷದ ಆರಂಭದಲ್ಲೇ ಹಚ್ಚುತ್ತಿದ್ದ ಸಣ್ಣ 'ತರಗು ಬೆಂಕಿ' ನಿಂತ ಮೇಲೆ ಅಲ್ಲಿ ಲಂಟಾನ ಹೆಚ್ಚಿತೆಂದು ಅವರೂ ಹೇಳುತ್ತಾರೆ, ಅವರೊಡನೆ ಕೆಲಸ ಮಾಡಿದ ಸಂಶೋಧಕರೂ ಬರೆದಿದ್ದಾರೆ. ಅಲ್ಲಿಯ ಒಣ ಕಾಡಿನ ಲೆಕ್ಕ ನಮ್ಮ ಶೋಲೆ (ಗಿರಿಯ ಮಡಿಲಿನ ಹಸಿರು ಕಾಡಿನ ತುಂಡು) ಹುಲ್ಲುಗಾವಲಿಗೆ ಹಾಗೇ ಹೊಂದುವುದಿಲ್ಲ. ಇಲ್ಲಿ ಪ್ರತಿ ವರ್ಷ ಸುಟ್ಟರೆ ಶೋಲೆಯ ಅಂಚು ಸವೆಯುತ್ತ ಹೋಗುತ್ತದೆ. ಹುಲ್ಲು ಮೇಯುವ ದನವೂ ಇಲ್ಲದೆ, ಗೆರೆಯೂ ಇಲ್ಲದೆ ಹಾಗೇ ಬಿಟ್ಟರೆ ಒಂದು ವರ್ಷ ದೊಡ್ಡದಾಗಿಯೇ ಹೊತ್ತುತ್ತದೆ.

ಪೇಟೆಯ ಜನ ಕಾಡಿನ ಬೆಂಕಿಯನ್ನು ತಮ್ಮದೆಂದುಕೊಂಡದ್ದು ತೀರಾ ಇತ್ತೀಚೆಗೆ. 2017ರಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಫಾರೆಸ್ಟ್ ಗಾರ್ಡ್ ಒಬ್ಬರು ತೀರಿಕೊಂಡರು. 2019ರ ಫೆಬ್ರುವರಿಯಲ್ಲಿ ಅದೇ ಬಂಡೀಪುರದ 10 ಸಾವಿರಕ್ಕೂ ಹೆಚ್ಚು ಎಕರೆ ಉರಿದು, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು. ಆ ದೃಶ್ಯ ಟಿವಿಯಲ್ಲಿ ಬಂದದ್ದೇ ಬಂದದ್ದು, ಬೆಂಗಳೂರಿನಿಂದ ಯುವಕರು ಬೈಕ್ ಹತ್ತಿ ಸ್ವಯಂಸೇವಕರಾಗಲು ಹೊರಟರು. ಒಳ್ಳೆಯದೇ. ಆದರೆ ಅಂದಿನಿಂದ ಇಲ್ಲಿಯೂ ಗುಡ್ಡ ಉರಿದಾಗಲೆಲ್ಲ "ಹೆಲಿಕಾಪ್ಟರ್ ಯಾಕೆ ಕರೆಸಲ್ಲ" ಎಂಬುದೇ ಮೊದಲ ಪ್ರಶ್ನೆ. ನೀರು ಬಿದ್ದ ಜಾಗದಲ್ಲೂ ಕೊನೆಗೆ ಸೊಪ್ಪು ಹಿಡಿದು ನಡೆದುಹೋಗಿ ಕೊಳ್ಳಿ ಹುಡುಕಬೇಕಾದವನು ದಿನಗೂಲಿಯ ವಾಚರ್. 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಭಾಗದಲ್ಲಿ ಸುಟ್ಟ ಗಾಯಗಳಿಂದ ಒಬ್ಬ ಗಾರ್ಡ್ ಪ್ರಾಣ ಬಿಟ್ಟಾಗ ಎರಡು ದಿನ ಎಲ್ಲರ ಸ್ಟೇಟಸ್‌ನಲ್ಲೂ ದೀಪ ಉರಿಯಿತು. ಇಳಿಜಾರಿನಲ್ಲಿ ಬೆಂಕಿಯ ಮೇಲ್ಗಡೆ ನಿಲ್ಲುವುದು ಎಷ್ಟು ಅಪಾಯ ಎಂಬುದರ ಬಗ್ಗೆ ಮಾತಾಡಿದವರು ಕಡಿಮೆ. ಆಸ್ಟ್ರೇಲಿಯಾದ ಬೆಂಕಿ ತಜ್ಞರ ಒಂದು ಸ್ಥೂಲ ಲೆಕ್ಕವಿದೆ: ಏರು 10 ಡಿಗ್ರಿ ಹೆಚ್ಚಾದಂತೆ ಮೇಲೇರುವ ಬೆಂಕಿಯ ವೇಗ ಎರಡರಷ್ಟಾಗುತ್ತದೆ. ನಮ್ಮ ಘಾಟಿಯ ಇಳಿಜಾರುಗಳಿಗೆ ಅದನ್ನು ಹಚ್ಚಿ ನೋಡಿ.

ಈಗ ಉಪಗ್ರಹವೇ ಬೆಂಕಿಯನ್ನು ಕಂಡು ಹೇಳುತ್ತದೆ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಗಾರ್ಡ್‌ನ ಫೋನಿಗೇ ಎಚ್ಚರಿಕೆ ಕಳಿಸುತ್ತದೆ. ಜನರ ಕೈಯಲ್ಲಿ 1926 ಸಹಾಯವಾಣಿಯಿದೆ. ಸುದ್ದಿ ತಲುಪುವುದು ಈಗ ಸಮಸ್ಯೆಯೇ ಅಲ್ಲ.

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದು 16 ಸಾವಿರಕ್ಕೂ ಹೆಚ್ಚು ಕಟ್ಟಡಗಳು ನಾಶವಾದಾಗ ನಮ್ಮ ಕಡೆ ಕೇಳಿಬಂದ ಮಾತು: "ಅವರದ್ದು ಮರದ ಮನೆ ಕಣ್ರೀ, ಬೆಂಕಿಪೊಟ್ಟಣ. ನಮ್ಮದು ಕಲ್ಲು ಗೋಡೆ, ಹೆಂಚು." ಈ ಸಮಾಧಾನವನ್ನು ಸ್ವಲ್ಪ ತಟ್ಟಿ ನೋಡಬೇಕು. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಜ್ಯಾಕ್ ಕೋಹೆನ್ 1990ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದು: ಕಾಡಿನ ಭಾರೀ ಜ್ವಾಲೆಯ ಶಾಖ 30–40 ಮೀಟರ್ ಆಚೆಯ ಮರದ ಗೋಡೆಗೂ ಬೆಂಕಿ ಹತ್ತಿಸಲಾರದು. ಮನೆಯನ್ನು ಸುಡುವುದು ಬಹಳ ಸಲ ಹಾರಿಬಂದ ಕಿಡಿ, ಇಲ್ಲವೇ ಗೋಡೆಗೆ ತಾಗಿದ ಹುಲ್ಲು, ದರಗಿನ ಸಣ್ಣ ಬೆಂಕಿ. ಅಂದರೆ ಮನೆಯ ಹಣೆಬರಹ ಕಾಡಿಗಿಂತ ಅಂಗಳದಲ್ಲಿ ಹೆಚ್ಚು ನಿರ್ಧಾರವಾಗುತ್ತದೆ. ಕ್ಯಾಲಿಫೋರ್ನಿಯಾದ ಕಾನೂನು ಮನೆಯ ಸುತ್ತ 100 ಅಡಿ ಚೊಕ್ಕಟ ಮಾಡಿಸುವುದು ಇದಕ್ಕೇ. ಗೋಡೆಯಿಂದ ಮೊದಲ 5 ಅಡಿಯಲ್ಲಿ ಉರಿಯುವ ಏನೂ ಇರಬಾರದೆಂಬುದು ಈಚಿನ ಒತ್ತಾಯ.

ಆ 5 ಅಡಿಯನ್ನು ನಮ್ಮ ಮನೆಗಳಿಗೆ ಹಿಡಿದು ನೋಡಿದರೆ ಸಿಗುವುದೇನು? ಹಿತ್ತಲ ಗೋಡೆಗೆ ಆತು ಸೂರಿನವರೆಗೆ ಒಟ್ಟಿದ ಸೌದೆ. ಒಲೆಯ ಪಕ್ಕದ ಕಿಟಕಿ ಕೆಳಗೆ ತೆಂಗಿನ ಗರಿ. ಮಂಗಳೂರು ಹೆಂಚಿನ ಸಂದುಗಳಲ್ಲಿ ಸಿಲ್ವರ್ ಓಕ್ ಎಲೆ. ಹೆಂಚು ಉರಿಯುವುದಿಲ್ಲ ನಿಜ, ಅದರಡಿಯ ಮರದ ರೀಪು, ಪಕಾಸು, ಅಟ್ಟದ ಮೇಲಿನ ಗೋಣಿಚೀಲ ಉರಿಯುತ್ತವೆ. ಜನವರಿಯಲ್ಲಿ ಏಣಿ ಹಾಕಿ ಒಮ್ಮೆ ಸೂರು ಗುಡಿಸಿದರೆ ಅರ್ಧ ದಿನದ ಕೆಲಸ. ರೊಬಸ್ಟಾ ತೋಟದವರಿಗೆ ಇನ್ನೊಂದು ಅನುಕೂಲವಿದೆ. ಹೂ ಬಿಡಿಸಲು ಹೇಗೂ ಸ್ಪ್ರಿಂಕ್ಲರ್ ಪೈಪು ಹಾಕುತ್ತಾರೆ. ಕೊನೆಯ ಸಾಲನ್ನು ಗಡಿಗೆ ತಿರುಗಿಸಿದರೆ ಒದ್ದೆ ಪಟ್ಟಿ ಸಿದ್ಧ. ಆದರೆ ಅದೇ ತೋಟದ ತುದಿಯಲ್ಲಿ, ಕಾಡಿಗೆ ತೀರಾ ಹತ್ತಿರ, ಕಾರ್ಮಿಕರ ಲೈನ್ ಮನೆಗಳಿರುತ್ತವೆ. ಅಲ್ಲಿಗೆ ಪೈಪು ಎಳೆಯಲು ಯಾರಿಗೂ ನೆನಪಾಗುವುದಿಲ್ಲ, ಬಂಗಲೆಯ ಹುಲ್ಲುಹಾಸು ಮಾತ್ರ ಹಸಿರಾಗಿರುತ್ತದೆ.

ಇನ್ನು ಹೋಂಸ್ಟೇಗಳು. ಕಳೆದ ಇಪ್ಪತ್ತು ವರ್ಷದಲ್ಲಿ ಹುಲ್ಲಿನ ಬೋಳುಗುಡ್ಡದ ನೆತ್ತಿಗೆ, ಇಳಿಜಾರಿಗೆ ಚಾಚಿದ ಮರದ ಡೆಕ್, ಸೋಗೆ ಹೊದಿಸಿದ 'ಟ್ರೆಡಿಷನಲ್' ಕಾಟೇಜು, ರಾತ್ರಿಗೊಂದು ಕ್ಯಾಂಪ್‌ಫೈರ್ ಬಂದಿವೆ. ಅಜ್ಜಂದಿರು ಬೆಂಕಿಗೆ ಹೆದರಿ ಬಿಟ್ಟ ಸೋಗೆಯನ್ನು ನಾವು ಬಾಡಿಗೆಗೆ ಮತ್ತೆ ತಂದಿದ್ದೇವೆ. ಹಳಬರು ಕಣಿವೆಯಲ್ಲಿ, ಗದ್ದೆಯ ಮಗ್ಗುಲಲ್ಲಿ ಮನೆ ಕಟ್ಟಿದ್ದು ನೀರಿಗಾಗಿ. ಬೆಂಕಿ ಮೇಲಕ್ಕೆ ಓಡುತ್ತದೆಂಬ ಕಾರಣಕ್ಕೂ ಅದು ಒಳ್ಳೆಯ ಜಾಗವೇ ಆಗಿತ್ತು.

ಇಷ್ಟಾದರೂ ಇಲ್ಲಿ ಕಾಡ್ಗಿಚ್ಚಿಗೆ ಮನೆ ಸುಟ್ಟ ಸುದ್ದಿ ಕಡಿಮೆಯೇ. ಹೋಗುವುದು ಬಣವೆ, ಕೊಟ್ಟಿಗೆ, ಮೆಣಸಿನ ಬಳ್ಳಿ, ನಾಲ್ಕು ಸಾಲು ಕಾಫಿ. ಅದಕ್ಕೇ ಯಾವ ಸಭೆಯಲ್ಲೂ ಇದು ವಿಷಯವಾಗುವುದಿಲ್ಲ. ಇಲಾಖೆ ತನ್ನ ಗಡಿಕಲ್ಲಿನ ಒಳಗೆ ರೇಖೆ ತೆಗೆಯುತ್ತದೆ, ಬೆಳೆಗಾರ ತನ್ನ ಬೇಲಿಯ ಒಳಗೆ ಸವರುತ್ತಾನೆ. ಎರಡರ ನಡುವೆ ಗೋಮಾಳ, ಸೊಪ್ಪಿನಬೆಟ್ಟ, ಕಂದಾಯದ ಬೀಳು ಸೊಂಟದುದ್ದ ಹುಲ್ಲು ಹೊತ್ತು ನಿಂತಿರುತ್ತದೆ. ಊರಿನವರು ಗೆರೆ ತೆಗೆಯುತ್ತಿದ್ದದ್ದು ಸರಿಯಾಗಿ ಅಲ್ಲೇ. 1993ರಲ್ಲಿ ಗ್ರಾಮ ಅರಣ್ಯ ಸಮಿತಿಗಳ ಆದೇಶ ಬಂದಾಗ ಈ ಜಾಗಕ್ಕೊಬ್ಬ ವಾರಸುದಾರ ಸಿಕ್ಕಬಹುದಿತ್ತು. ಬಹಳ ಕಡೆ ಆ ಸಮಿತಿಗಳು ನೆಡುತೋಪಿನ ಲಾಭಾಂಶದ ಲೆಕ್ಕದಲ್ಲೇ ಮುಗಿದವು. ಗೋಮಾಳದ ಹುಲ್ಲು ಕೊಯ್ಯುವ ಕೂಲಿಯನ್ನು ಪಂಚಾಯಿತಿ ಕೊಡಬೇಕೆ, ಇಲಾಖೆ ಕೊಡಬೇಕೆ, ಪಕ್ಕದ ತೋಟ ಮತ್ತು ಹೋಂಸ್ಟೇಗಳಿಂದ ವಸೂಲಿ ಮಾಡಬೇಕೆ ಎಂಬುದನ್ನು ಗ್ರಾಮಸಭೆಯಲ್ಲಿ ಎತ್ತಲು ಕಾಯ್ದೆಯೇನೂ ಅಡ್ಡ ಬರುವುದಿಲ್ಲ. ಎತ್ತುವುದಾದರೆ ನವೆಂಬರಿನಲ್ಲಿ ಎತ್ತಬೇಕು. ಜನವರಿ ಕಳೆದರೆ ಹುಲ್ಲು ಒಣಗಿ, ಗೆರೆ ಸುಡಲು ಹೋದವರೇ ಗುಡ್ಡ ಹಚ್ಚಿದ ಆರೋಪ ಹೊರಬೇಕಾಗುತ್ತದೆ.