ಜುಲೈಗೆ ಬೇಕಾದ ತರಗೆಲೆಯನ್ನು ಏಪ್ರಿಲ್‌ನಲ್ಲೇ ತುಂಬಿಡಿ

ಮುಂಗಾರು ಹಿಡಿದು ಮೂರು ವಾರ ಆಗುವಷ್ಟರಲ್ಲಿ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆ ಕ್ರೇಟಿನಲ್ಲಿ ಎರೆಹುಳು ಸಾಕಿ ಅಡುಗೆಮನೆ ಕಸದಿಂದ ಗೊಬ್ಬರ ಮಾಡುವವರಿಂದ ಒಂದೇ ದೂರು ಶುರುವಾಗುತ್ತದೆ: "ಹುಳ ಎಲ್ಲಾ ಓಡಿಹೋದವು, ಬೇರೆ ಎಲ್ಲಿ ಸಿಗುತ್ತೆ?" ದಯವಿಟ್ಟು ಬೇರೆ ಹುಳ ಕೊಳ್ಳಬೇಡಿ. ಅದೇ ಕ್ರೇಟಿಗೆ ಬಿಟ್ಟರೆ ಅವೂ ಉಳಿಯುವುದಿಲ್ಲ.

ಮುಚ್ಚಳ ತೆಗೆದು ನೋಡಿ. ಉಳಿದ ಹುಳುಗಳು ಮುಚ್ಚಳದ ಒಳಮೈಗೆ, ಅಂಚಿನ ಸಂದಿಗೆ ಗಂಟುಗಟ್ಟಿ ಅಂಟಿಕೊಂಡಿರುತ್ತವೆ. ನಾಲ್ಕು ಬೆರಳು ಕೆಳಗೆ ಕೈ ಹಾಕಿದರೆ ಅನ್ನ, ಸೌತೆ ಸಿಪ್ಪೆ, ಟೀ ಚರಟ ಎಲ್ಲಾ ಬೆರೆತ ಕಪ್ಪು ಲೋಳೆ, ಕೊಳೆತ ಮೊಟ್ಟೆಯ ನಾತ. ಎರೆಹುಳು ಚರ್ಮದಿಂದಲೇ ಉಸಿರಾಡುವ ಜೀವಿ. ಚರ್ಮ ತೇವವಾಗಿರಬೇಕು, ಸುತ್ತ ಗಾಳಿಯೂ ಆಡಬೇಕು. ಆ ಲೋಳೆಯಲ್ಲಿ ಗಾಳಿಯೇ ಇಲ್ಲ.

"ಮಳೆ ಬೀಳದ ಹಿಂದಿನ ಜಗಲಿಯಲ್ಲೇ ಇಟ್ಟಿದ್ದೇವಲ್ಲ" ಎನ್ನುತ್ತಾರೆ. ತರಕಾರಿ ಕಸದಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ನೀರೇ. ಮಾರ್ಚ್‌ನಲ್ಲಿ ಅದು ಆರಿಹೋಗುತ್ತದೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ಒಗೆದ ಬಟ್ಟೆಯೇ ನಾಲ್ಕು ದಿನ ಒಣಗದ ಊರಲ್ಲಿ ಕ್ರೇಟಿನ ನೀರು ಎಲ್ಲಿಗೆ ಹೋಗಬೇಕು? ಅದನ್ನು ಹೀರುವುದಕ್ಕೂ ನಡುವೆ ಗಾಳಿಗೆ ಜಾಗ ಬಿಡುವುದಕ್ಕೂ ಒಣ ಪದಾರ್ಥ ಬೇಕು. ಒಂದು ಪಾತ್ರೆ ಹಸಿ ಕಸಕ್ಕೆ ಅದೇ ಪಾತ್ರೆಯಲ್ಲಿ ಎರಡು ಅಳತೆ ಪುಡಿಮಾಡಿದ ತರಗೆಲೆ. ಬೇಸಿಗೆಯಲ್ಲಿ ಒಂದಕ್ಕೆ ಒಂದು ಸಾಕಾದೀತು, ಮಳೆಗಾಲದಲ್ಲಿ ಸಾಲದು.

ಜುಲೈಯಲ್ಲಿ ಒಣ ಎಲೆ ಎಲ್ಲೂ ಸಿಗದು ಎನ್ನುವುದೂ ನಿಜ. ಆದ್ದರಿಂದ ಲೆಕ್ಕ ಹಾಕಿ. ದಿನಕ್ಕೆ ಒಂದು ಲೀಟರ್ ಪಾತ್ರೆಯಷ್ಟು ಕಸ ಎಂದರೆ ಎರಡು ಲೀಟರ್ ಎಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸುಮಾರು 120 ದಿನಕ್ಕೆ 240 ಲೀಟರ್. ಪುಡಿಮಾಡಿ ಒತ್ತಿ ತುಂಬಿದರೆ ಮೂರು ಗೋಣಿಚೀಲ. ಹಲಸು, ಮಾವು ಯಾವ ಎಲೆಯಾದರೂ ಸರಿ. ಸಿಲ್ವರ್ ಓಕ್ ಎಲೆ ನಿಧಾನಕ್ಕೆ ಕರಗಿದರೂ ಗಾಳಿಗೆ ಜಾಗ ಕೊಡುತ್ತದೆ. ಅಟ್ಟದ ಮೇಲೋ ಸೌದೆಕೊಟ್ಟಿಗೆಯಲ್ಲೋ ಇಟ್ಟುಬಿಡಿ. ಎಲೆ ಮುಗಿದರೆ ಹರಿದ ಪತ್ರಿಕೆ, ಮೊಟ್ಟೆ ಟ್ರೇ, ಒಣಗಿದ ಕಾಫಿ ಹೊಟ್ಟು.

ಈಗಾಗಲೇ ಕೆಟ್ಟಿದ್ದರೆ ಒಂದು ವಾರ ಕಸ ಹಾಕಬೇಡಿ. ಲೋಳೆಯನ್ನು ತೆಗೆದು ಬೇರೆ ಬಕೆಟ್ಟಿಗೆ ಹಾಕಿ, ತಳದ ತೂತು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ, ಒಂದು ಗೇಣು ಒಣ ಎಲೆ ಹಾಸಿ, ಹುಳುಗಳನ್ನು ಅದರ ಮೇಲೆ ಬಿಡಿ. ಕ್ರೇಟಿನ ಕೆಳಗೆ ಎರಡು ಇಟ್ಟಿಗೆ ಕೊಡಿ. ಹದ ಗೊತ್ತಾಗಬೇಕಾದರೆ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ: ಒಂದೆರಡು ಹನಿ ಬಂದರೆ ಸರಿ, ಬೆರಳ ಸಂದಿಯಿಂದ ಧಾರೆ ಇಳಿದರೆ ಇನ್ನೂ ಎಲೆ ಬೇಕು. ಮತ್ತೆ ಶುರುಮಾಡುವಾಗ ಅರ್ಧ ಕಿಲೋ ಹುಳುವಿಗೆ ದಿನಕ್ಕೆ 150 ಗ್ರಾಂ ದಾಟಬೇಡಿ. ಹಾಕಿದ್ದು ಕರಗಿದ ಮೇಲೆ ಇನ್ನಷ್ಟು.

ವಾಸನೆಗೆ ಹೆದರಿ ತೋಟಕ್ಕೆ ತಂದ ಸುಣ್ಣ ಎರಚುವವರಿದ್ದಾರೆ. ಸುಟ್ಟ ಸುಣ್ಣ ಹುಳುವಿನ ಮೈ ಸುಡುತ್ತದೆ, ಪಾಪದ ಜೀವಿಗಳು. ಹುಳಿ ತಗ್ಗಿಸಲು ನುಣ್ಣಗೆ ಪುಡಿಮಾಡಿದ ಮೊಟ್ಟೆ ಚಿಪ್ಪು ವಾರಕ್ಕೊಂದು ಚಮಚ ಸಾಕು. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಹಾಕಿದ ಪಂದಿ ಕರಿಯ (ಹಂದಿ ಮಾಂಸದ ಪಲ್ಯದ) ಉಳಿಕೆ, ಉಪ್ಪಿನಕಾಯಿ, ಕಿತ್ತಳೆ ಸಿಪ್ಪೆ ಇವಕ್ಕೆ ಹೊರಗೊಂದು ಗುಂಡಿ ಇರಲಿ. ಕಿತ್ತಳೆ ಸಿಪ್ಪೆಯ ಎಣ್ಣೆ ಹುಳುವಿಗೆ ವಿಷ.

ಹುಳುವಿನ ಬಗ್ಗೆ ಹೇಳುವುದಾದರೆ, ಮಡಿಕೇರಿಯ ಚಳಿಗೆ ಸಣ್ಣ ಕೆಂಪು ಐಸೀನಿಯಾ ಫೆಟಿಡಾ ಒಳ್ಳೆಯದು. ಉದ್ದನೆಯ ಆಫ್ರಿಕನ್ ಯುಡ್ರಿಲಸ್ ಡಿಸೆಂಬರ್ ಬಂತೆಂದರೆ ಮಂಕಾಗುತ್ತದೆ.

ಸೊರಗು ರೋಗ ಬಂದ ಮೆಣಸಿನ ಬಳ್ಳಿ, ಎಲೆಗಳನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಕ್ರೇಟು ದೊಡ್ಡ ಗೊಬ್ಬರದ ರಾಶಿಯಂತೆ ಬಿಸಿಯಾಗುವುದಿಲ್ಲ, ಟೊಮೆಟೊ ಬೀಜವೇ ಅದರಲ್ಲಿ ಸಾಯದೆ ಮೊಳೆಯುತ್ತದೆ. ರೋಗಾಣು ಸತ್ತಿದೆ ಎಂದು ಯಾರೂ ಭರವಸೆ ಕೊಡಲಾರರು, ಆ ಗೊಬ್ಬರ ಮತ್ತೆ ಬಳ್ಳಿಯ ಬುಡಕ್ಕೇ ಹೋಗುತ್ತದೆ.