ಮನೆ ಉಳಿಸಲು ಹೊರಟವರು ಕೊಟ್ಟಿಗೆಯನ್ನೂ ನೋಡಬೇಕು

ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿಮನೆಯ ದುರಸ್ತಿಗೆ ಕರೆ ಬಂದಿತ್ತು. ಮನೆಯ ಹಿರಿಯರು ಕಂಬ, ಜಗಲಿ, ದೇವರಕೋಣೆ ಎಲ್ಲವನ್ನೂ ಅಕ್ಕರೆಯಿಂದ ತೋರಿಸಿದರು. ಕೊನೆಗೆ ಹಿತ್ತಲ ಕೊಟ್ಟಿಗೆಯತ್ತ ಕೈ ಮಾಡಿ, "ಇದನ್ನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡೋಣ ಮೇಡಂ, ಈಗ ದನವೇ ಇಲ್ಲವಲ್ಲ" ಎಂದರು. ಹಳೆಯ ಮನೆಗಳ ಸಂರಕ್ಷಣೆಯನ್ನೇ ಕಸುಬು ಮಾಡಿಕೊಂಡ ನನಗೆ ಈ ಮಾತು ಹೊಸದಲ್ಲ. ಇಂಥ ಹೊತ್ತಿನಲ್ಲೆಲ್ಲ ನಾನು ಅಮೆರಿಕದ ಮೊಂಟಾನಾ ರಾಜ್ಯದ ಡೀರ್ ಲಾಡ್ಜ್ ಕಣಿವೆಯ ಒಂದು ಮನೆಯ ಕಥೆ ಹೇಳುತ್ತೇನೆ.

ಅದನ್ನು 1862ರಲ್ಲಿ ಕಟ್ಟಿಸಿದವನು ಜಾನಿ ಗ್ರಾಂಟ್. ಪಶ್ಚಿಮಕ್ಕೆ ವಲಸೆ ಹೊರಟವರ ಗಾಡಿ ಎಳೆದು ಸೊರಗಿದ ಎರಡು ದನಗಳನ್ನು ಪಡೆದು, ಬದಲಿಗೆ ಪುಷ್ಟವಾದ ಒಂದನ್ನು ಕೊಡುವುದು ಅವನ ವ್ಯಾಪಾರ. ಸೊರಗಿದವು ಕಣಿವೆಯ ಹುಲ್ಲು ಮೇಯ್ದು ಕೊಬ್ಬುತ್ತಿದ್ದವು. ಮರುವರ್ಷ ಅವೇ ಪುಷ್ಟ ದನಗಳು. ಹೀಗೆ ಬೆಳೆದ ಮಂದೆಯ ದುಡ್ಡಿನಲ್ಲಿ, ಕೆತ್ತಿದ ದಿಮ್ಮಿಗಳ ಗೋಡೆಗೆ ಹೊರಗಿನಿಂದ ಹಲಗೆ ಹೊದಿಸಿ ಎರಡಂತಸ್ತಿನ ಮನೆ ಎದ್ದಿತು. ಸುತ್ತ ಸಣ್ಣ ಗುಡಿಸಲುಗಳಿದ್ದ ಆ ಸೀಮೆಯಲ್ಲಿ, ಹಸಿರು ಬಾಗಿಲಿನ ಸಾಲು ಕಿಟಕಿಗಳ ಈ ಮನೆ ಪತ್ರಿಕೆಯ ಗಮನವನ್ನೂ ಸೆಳೆಯಿತು.

1866ರಲ್ಲಿ ಗ್ರಾಂಟ್ ಅದನ್ನು ಜಮೀನು ಸಹಿತ 19,200 ಡಾಲರಿಗೆ ಕಾನ್ರಾಡ್ ಕೋರ್ಸ್‌ಗೆ ಮಾರಿದ. ಕೋರ್ಸ್ ಈಗ ಜರ್ಮನಿಯಲ್ಲಿರುವ ಹೋಲ್‌ಸ್ಟೈನ್ ಪ್ರಾಂತದಿಂದ ಬಂದವನು. ಚಿನ್ನದ ಗಣಿಯ ಬಿಡಾರಗಳಲ್ಲಿ ಮಾಂಸ ಮಾರುತ್ತ ದನದ ವ್ಯಾಪಾರಕ್ಕೆ ಇಳಿದಿದ್ದ. ಮಲತಮ್ಮ ಜಾನ್ ಬೀಲೆನ್‌ಬರ್ಗ್ ಜೊತೆಗೂಡಿದ. ಉಚ್ಛ್ರಾಯದಲ್ಲಿ ಇವರ ಮಂದೆ ಹಲವು ರಾಜ್ಯಗಳ ಸುಮಾರು 1 ಕೋಟಿ ಎಕರೆ ಬಯಲಿನಲ್ಲಿ ಮೇಯುತ್ತಿತ್ತು. ಆ ಬಯಲು ಅವರ ಸ್ವಂತದ್ದಲ್ಲ. ಬೇಲಿಯಿಲ್ಲದ ಹುಲ್ಲೇ ಇಡೀ ಸಂಪತ್ತಿನ ಬುಡ ಎಂಬುದನ್ನು ಮರೆತರೆ ಈ ಮನೆ ಅರ್ಥವಾಗುವುದಿಲ್ಲ.

1868ರಲ್ಲಿ ಕೋರ್ಸ್‌ನನ್ನು ಮದುವೆಯಾಗಿ ಬಂದ ಅಗಸ್ಟಾ, ಅಡುಗೆಯವನನ್ನು ಬಿಡಿಸಿ ಒಲೆಯನ್ನು ತಾನೇ ವಹಿಸಿಕೊಂಡಳು. ಆಮೇಲಿನ ವರ್ಷಗಳಲ್ಲಿ ಕೋಣೆಗಳನ್ನು ಒಳ್ಳೆಯ ಪೀಠೋಪಕರಣಗಳಿಂದ ತುಂಬಿಸಿದವಳೂ ಅವಳೇ.

1886–87ರ ಚಳಿಗಾಲದಲ್ಲಿ ಹಿಮ ಹೆಪ್ಪುಗಟ್ಟಿ ಹುಲ್ಲು ದನಗಳ ಬಾಯಿಗೆ ಎಟುಕದಾಯಿತು. ಲಕ್ಷಾಂತರ ದನಗಳು ಸತ್ತವು. ಅನೇಕ ಒಡೆಯರು ದಿವಾಳಿಯಾದರು. ಕೋರ್ಸ್ ಒಬ್ಬ ಬ್ಯಾಂಕರನಿಂದ 1 ಲಕ್ಷ ಡಾಲರ್ ಸಾಲ ಪಡೆದು ಮತ್ತೆ ಮಂದೆ ಕಟ್ಟಿದ. 1890ರಲ್ಲಿ ಮನೆಗೆ ಇಟ್ಟಿಗೆಯ ದೊಡ್ಡ ಭಾಗ ಸೇರಿತು. ಸಿರಿವಂತರು ಸಾಮಾನ್ಯವಾಗಿ ಮುಂಬಾಗಿಲಿಗೆ ಹಣ ಸುರಿಯುತ್ತಾರೆ. ಇವನು ಹಿಂಬದಿಗೆ ಸುರಿದ. ಗ್ರಾಂಟ್ ಕಟ್ಟಿಸಿದ ಮುಖ ಬಹುಮಟ್ಟಿಗೆ ಹಾಗೆಯೇ ನಿಂತಿತು; ನಲ್ಲಿ ನೀರು, ಮನೆ ಬೆಚ್ಚಗಿಡುವ ವ್ಯವಸ್ಥೆಯಂಥ ಹೊಸ ಸೌಕರ್ಯಗಳು ಹಿಂದಿನ ಇಟ್ಟಿಗೆಯ ಭಾಗದೊಂದಿಗೆ ಬಂದವು. ಮನೆಯ ನಕ್ಷೆ ಇಂಗ್ಲಿಷಿನ 'ಟಿ' ಅಕ್ಷರದಂತಾಯಿತು.

ನನ್ನ ಜೊತೆ ಕೆಲಸ ಮಾಡುವ ಕಿರಿಯರಿಗೆ ನಾನು ಬೆರಳಿಟ್ಟು ತೋರಿಸುವುದು ಇಂಥ ಕೂಡುಜಾಗವನ್ನೇ. ಒಣಗುತ್ತ ಹೋದಂತೆ ದಿಮ್ಮಿ ಅಡ್ಡಕ್ಕೆ ಕುಗ್ಗುತ್ತದೆ. ಒಂದರ ಮೇಲೊಂದು ಮಲಗಿಸಿದ ದಿಮ್ಮಿಗಳ ಗೋಡೆ ಅಷ್ಟಷ್ಟೇ ಕೆಳಗಿಳಿಯುತ್ತದೆ. ಇಟ್ಟಿಗೆ ಗೋಡೆ ಹಾಗೆ ಇಳಿಯುವುದಿಲ್ಲ. ಎರಡೂ ಸೇರುವಲ್ಲಿ ಬಿರುಕು ಕಂಡ ಕೂಡಲೇ ಮೇಸ್ತ್ರಿಗಳು ಸಿಮೆಂಟು ತುಂಬುತ್ತಾರೆ. ಸಿಮೆಂಟು ಬಾಗದು, ಬಿರುಕು ಪಕ್ಕದಲ್ಲಿ ಮತ್ತೆ ಬಾಯಿಬಿಡುತ್ತದೆ, ಒಳಗೆ ಸಿಕ್ಕಿದ ತೇವ ಮರವನ್ನು ಕೊಳೆಸುತ್ತದೆ. ಅಲ್ಲಿಗೆ ಬೇಕಾದದ್ದು ಅಲುಗಾಟಕ್ಕೆ ಎಡೆಕೊಡುವ ಮೆದು ಸುಣ್ಣದ ಗಾರೆ. ಮಣ್ಣುಗೋಡೆಗೆ ಇಟ್ಟಿಗೆಯ ಕೋಣೆ ಅಂಟಿಸಿದ ನಮ್ಮ ಮನೆಗಳಲ್ಲೂ ಇದೇ ತಪ್ಪನ್ನು ಮತ್ತೆ ಮತ್ತೆ ಕಾಣುತ್ತೇನೆ.

ಆದರೆ ಡೀರ್ ಲಾಡ್ಜ್ ಮನೆಯನ್ನು ನಿಜವಾಗಿ ಉಳಿಸಿದ್ದು ಕೋರ್ಸ್‌ನ ಮೊಮ್ಮಗ ಕಾನ್ರಾಡ್ ವಾರನ್. 1930ರ ದಶಕದಲ್ಲಿ ಅವನು ಆಡಳಿತ ವಹಿಸಿಕೊಳ್ಳುವಷ್ಟರಲ್ಲಿ ಬೇಲಿಯಿಲ್ಲದ ಬಯಲಿನ ಕಾಲ ಮುಗಿದು ಜಮೀನಿನ ಬಹುಪಾಲು ಕೈಬಿಟ್ಟಿತ್ತು. ವಾರನ್ ಮತ್ತು ಅವನ ಹೆಂಡತಿ ಹತ್ತಿರದಲ್ಲೇ ಬೇರೆ ಮನೆ ಕಟ್ಟಿಕೊಂಡರು. ಅಜ್ಜಿಯ ಮನೆಯನ್ನು ಯಾರೂ ಹೊಸ ರುಚಿಗೆ ತಕ್ಕಂತೆ ಬದಲಾಯಿಸಲಿಲ್ಲ. ಅಗಸ್ಟಾ 1945ರಲ್ಲಿ, 96ರ ವಯಸ್ಸಿನಲ್ಲಿ ತೀರಿಕೊಂಡ ಮೇಲೂ ಅವಳ ಸಾಮಾನು ಅಲ್ಲೇ ಉಳಿಯಿತು. ಕೊಟ್ಟಿಗೆ, ದೊಡ್ಡಿ, ಆಳುಗಳ ಬಿಡಾರ, ಗಾಡಿಗಳು, ಲೆಕ್ಕದ ಕಾಗದಪತ್ರಗಳನ್ನೂ ವಾರನ್ ಜೋಪಾನವಾಗಿಟ್ಟ. 1972ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಈಗಲೂ ಅಲ್ಲಿ ದನ ಮೇಯುತ್ತವೆ.

ನನ್ನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅದೃಷ್ಟವಿಲ್ಲ. ಎಷ್ಟೋ ಕಡೆ ಅಟ್ಟ ಖಾಲಿ ಮಾಡಿ, ಗೋಡೆ ಕೆರೆದು, ಬಣ್ಣ ಬಳಿದ ಮೇಲೆ ನಮ್ಮನ್ನು ಕರೆಯುತ್ತಾರೆ. ದಯವಿಟ್ಟು ಮೊದಲು ಯಾವ ಪೆಟ್ಟಿಗೆ ಎಲ್ಲಿತ್ತು, ಯಾವ ಗೂಟದಲ್ಲಿ ಏನು ತೂಗುತ್ತಿತ್ತು ಎಂದು ಬರೆದಿಡಿ, ಫೋಟೊ ತೆಗೆಯಿರಿ. ದನದಿಂದ ಬಂದ ಹಣದಲ್ಲಿ ಎದ್ದ ಮನೆಗೆ ದೊಡ್ಡಿಯೇ ಮೂಲ ದಾಖಲೆ. ಪಡಸಾಲೆಯ ಕುರ್ಚಿ ಆ ಸಿರಿಯನ್ನು ತೋರಿಸೀತು, ಅದು ಎಲ್ಲಿಂದ ಬಂತೆಂದು ಹೇಳಲಾರದು.

ತೀರ್ಥಹಳ್ಳಿಯ ಹಿರಿಯರು ಕಥೆ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ಮಾಡಿಗೆ ಹೆಂಚು ಹೊದಿಸಲು ಎಷ್ಟಾಗುತ್ತದೆ?" ಎಂದು ಕೇಳಿದರು. ಕಳೆದ ವಾರ ಅಳತೆ ತೆಗೆಯುವಾಗ ಗೋದಲಿಯ ಮರದಲ್ಲಿ ದನದ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗುಳಿಗಳು ಕಂಡವು. ಏಳು ಗುಳಿಗಳಿವೆ. ಏಳನ್ನೂ ನಕ್ಷೆಯಲ್ಲಿ ಗುರುತಿಸಿಕೊಂಡು ಬಂದಿದ್ದೇನೆ.